ಪೂರ್ವಾಶ್ರಮದ ಹೆಸರುಗಳು

ದೊಡ್ಡ ಮನೆಗಳ ಗೇಟಿನ ಹಿಂದೆ ಕಿವಿ ನಿಮಿರಿಸಿಕೊಂಡು ನಿಂತಿರುತ್ತಿದ್ದ ಆ ನಾಯಿಯನ್ನು ನಾವು ಚಿಕ್ಕವರಿದ್ದಾಗ ಅಲ್ಸೇಷನ್ ಎನ್ನುತ್ತಿದ್ದೆವು. ಜರ್ಮನ್ ಶೆಫರ್ಡ್ ಎಂಬ ಹೆಸರು ಕಿವಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ. ಅವೆರಡೂ ಬೇರೆ ಬೇರೆ ತಳಿ ಎಂದು ಪಟ್ಟು ಹಿಡಿದು ವಾದಿಸುವವರು ಈಗಲೂ ಸಿಗುತ್ತಾರೆ. ನಾಯಿ ಒಂದೇ, ಹೆಸರು ಎರಡು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ‘ಜರ್ಮನ್’ ಎಂದರೆ ಜನ ಮುಖ ಸಿಂಡರಿಸುತ್ತಿದ್ದರು. ನಾಯಿ ಸಾಕುವವರಿಗೆ ನಾಯಿ ಬೇಕಿತ್ತು, ಹೆಸರು ಬೇಕಿರಲಿಲ್ಲ. ಜರ್ಮನಿ ಮತ್ತು ಫ್ರಾನ್ಸ್ ನಡುವೆ ಕೈ ಬದಲಾಯಿಸುತ್ತ ಬಂದ ಅಲ್ಸೇಸ್ ಪ್ರಾಂತ್ಯದ ಹೆಸರನ್ನು ಅದಕ್ಕೆ ಅಂಟಿಸಿದರು. 1919ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಅದೇ ಹೆಸರಲ್ಲಿ ದಾಖಲೆ ಮಾಡಿಕೊಂಡಿತು. ಹಳೆಯ ಹೆಸರು ಮರಳಿ ಬರಲು 1977 ಆಗಬೇಕಾಯಿತು. ಬ್ರಿಟಿಷರು ಹೋದ ಮೇಲೂ ನಾವು ಅವರ ಸಿಟ್ಟಿನ ಹೆಸರನ್ನೇ ಹಿಡಿದುಕೊಂಡಿದ್ದೆವು.

ನಾಯಿಗಾದದ್ದು ರಾಜನಿಗೂ ಆಯಿತು. 1917ರ ಜುಲೈನಲ್ಲಿ ಐದನೇ ಜಾರ್ಜ್ ತನ್ನ ಮನೆತನದ ಜರ್ಮನ್ ಹೆಸರಾದ ಸಾಕ್ಸ್-ಕೋಬರ್ಗ್-ಗೋಥಾವನ್ನು ಬಿಟ್ಟು ವಿಂಡ್ಸರ್ ಆದ. ಅವನ ಬಂಧು ಬ್ಯಾಟನ್‌ಬರ್ಗ್‌ನ ಲೂಯಿಸ್ ಇಂಗ್ಲೆಂಡಿನ ನೌಕಾಪಡೆಯ ಅತ್ಯುನ್ನತ ಹುದ್ದೆಯಲ್ಲಿದ್ದವನು. ಹುಟ್ಟಿನಿಂದ ಜರ್ಮನ್ ಎಂಬ ಗುಲ್ಲಿಗೆ 1914ರಲ್ಲೇ ರಾಜೀನಾಮೆ ಕೊಟ್ಟಿದ್ದ. ಈಗ ಹೆಸರಿನ ಬಾಲದಲ್ಲಿದ್ದ ‘ಬರ್ಗ್’ ಎಂಬ ಬೆಟ್ಟವನ್ನು ಇಂಗ್ಲಿಷಿಗೆ ತಿರುಗಿಸಿ ತಲೆಗೆ ತಂದುಕೊಂಡು ಮೌಂಟ್‌ಬ್ಯಾಟನ್ ಎನಿಸಿಕೊಂಡ. ಆಗ ಹದಿನೇಳು ವರ್ಷದವನಾಗಿದ್ದ ಅವನ ಕಿರಿ ಮಗನೇ ಮೂವತ್ತು ವರ್ಷಗಳ ನಂತರ ನಮ್ಮ ಕೊನೆಯ ವೈಸ್‌ರಾಯ್ ಆಗಿ ದೆಹಲಿಗೆ ಬಂದವನು. ನಮ್ಮ ಶಾಲೆಯ ಇತಿಹಾಸ ಪುಸ್ತಕದಲ್ಲಿ ನಾವು ಬಾಯಿಪಾಠ ಮಾಡಿದ ಹೆಸರಿಗೂ ಒಂದು ಪೂರ್ವಾಶ್ರಮವಿದೆ.

ಹೆಸರು ಬದಲಿಸಿ ಮುಗಿದಿದ್ದರೆ ಇದು ಬರೀ ತಮಾಷೆಯ ಕಥೆ. ಇದು ಎಲ್ಲಿಯವರೆಗೆ ಹೋಗಬಲ್ಲದು ಎಂದು ತಿಳಿಯಲು ಅಮೆರಿಕವನ್ನು ನೋಡಬೇಕು. ಅಲ್ಲಿ ಜರ್ಮನ್ನರು ಬೆರಳೆಣಿಕೆಯ ಪರದೇಶಿಗಳಾಗಿರಲಿಲ್ಲ. 1910ರ ಜನಗಣತಿಯ ಹೊತ್ತಿಗೆ ಸುಮಾರು ಒಂಬತ್ತು ಕೋಟಿ ಇಪ್ಪತ್ತು ಲಕ್ಷ ಜನರ ಆ ದೇಶದಲ್ಲಿ ಇಪ್ಪತ್ತೈದು ಲಕ್ಷದಷ್ಟು ಮಂದಿ ಜರ್ಮನಿಯಲ್ಲಿ ಹುಟ್ಟಿ ಬಂದವರು. ಅವರ ಮಕ್ಕಳನ್ನೂ ಸೇರಿಸಿದರೆ ಎಂಬತ್ತು ಲಕ್ಷ ದಾಟುತ್ತಿತ್ತು. ಮಿಲ್ವಾಕಿ, ಸಿನ್ಸಿನಾಟಿ, ಸೇಂಟ್ ಲೂಯಿಸ್‌ಗಳಲ್ಲಿ ಬೇಕರಿಯಿಂದ ಬ್ಯಾಂಕಿನವರೆಗೆ ಜರ್ಮನ್ನಿನಲ್ಲೇ ವ್ಯವಹಾರ ನಡೆಸಬಹುದಿತ್ತು. ದೇಶದಲ್ಲಿ ಐನೂರಕ್ಕೂ ಹೆಚ್ಚು ಜರ್ಮನ್ ಪತ್ರಿಕೆಗಳಿದ್ದವು. ಸಿನ್ಸಿನಾಟಿಯ ಸರ್ಕಾರಿ ಶಾಲೆಗಳಲ್ಲಿ 1840ರಿಂದಲೂ ಜರ್ಮನ್ ಮತ್ತು ಇಂಗ್ಲಿಷ್ ಜೊತೆಜೊತೆಗೆ ನಡೆದು ಬಂದಿದ್ದವು. ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ 1856ರಲ್ಲಿ ವಿಸ್ಕಾನ್ಸಿನ್‌ನ ವಾಟರ್‌ಟೌನ್‌ನಲ್ಲಿ ತೆರೆದದ್ದು ಜರ್ಮನ್ ಭಾಷೆಯಲ್ಲಿ. ಇವತ್ತು ನಮ್ಮ ಹಳ್ಳಿಗಳಲ್ಲೂ ಎಲ್‌ಕೆಜಿಗೆ ಮಗುವನ್ನು ಸೇರಿಸಲು ಸಾಲ ಮಾಡುವ ತಂದೆತಾಯಿಗೆ ಆ ‘ಕೆಜಿ’ ಜರ್ಮನ್ ಎಂದು ಗೊತ್ತಿರಲಿಕ್ಕಿಲ್ಲ.

ಜನರ ಅನುಮಾನಕ್ಕೆ ಆಧಾರವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. 1915ರ ಮೇ ತಿಂಗಳಲ್ಲಿ ಜರ್ಮನ್ ಸಬ್‌ಮರೀನ್ ಲುಸಿಟಾನಿಯಾ ಹಡಗನ್ನು ಮುಳುಗಿಸಿದಾಗ ಸತ್ತ 1,198 ಜನರಲ್ಲಿ 128 ಮಂದಿ ಅಮೆರಿಕನ್ನರು. 1916ರ ಜುಲೈನಲ್ಲಿ ನ್ಯೂಯಾರ್ಕ್ ಬಂದರಿನ ಬ್ಲ್ಯಾಕ್ ಟಾಮ್ ಎಂಬಲ್ಲಿ ಮದ್ದುಗುಂಡಿನ ದಾಸ್ತಾನು ಸಿಡಿದದ್ದು ಜರ್ಮನ್ ಏಜೆಂಟರ ಕೈಚಳಕದಿಂದಲೇ. ಮರುವರ್ಷ ಜರ್ಮನಿಯ ವಿದೇಶಾಂಗ ಮಂತ್ರಿ ಝಿಮ್ಮರ್‌ಮನ್, ಅಮೆರಿಕದ ಮೇಲೆ ತಿರುಗಿ ಬಿದ್ದರೆ ಟೆಕ್ಸಸ್ ವಾಪಸ್ಸು ಕೊಡಿಸುತ್ತೇವೆಂದು ಮೆಕ್ಸಿಕೋಗೆ ಕಳಿಸಿದ ತಂತಿ ಬಯಲಾಯಿತು. ಗೂಢಚಾರರು ಇದ್ದದ್ದು ನಿಜ. ಆದರೆ ಗೂಢಚಾರ ಕಣ್ಣಿಗೆ ಕಾಣುವುದಿಲ್ಲ, ಅದೇ ಅವನ ಕಸುಬು. ಬೀದಿಯಲ್ಲಿ ಕಾಣುವುದು ಅಂಗಡಿಯ ಬೋರ್ಡು, ಕಿವಿಗೆ ಬೀಳುವುದು ಪಕ್ಕದ ಮನೆಯವರ ಮಾತು, ಮೂಗಿಗೆ ಬಡಿಯುವುದು ಅವರ ಅಡುಗೆಯ ವಾಸನೆ. ಸಿಟ್ಟು ಸಿಕ್ಕಿದ್ದರ ಮೇಲೆ ಹರಿಯಿತು.

1917ರ ಏಪ್ರಿಲ್ 6ರಂದು ಅಮೆರಿಕ ಯುದ್ಧ ಸಾರಿತು. ವಾರದೊಳಗೆ ಅಧ್ಯಕ್ಷ ವುಡ್ರೊ ವಿಲ್ಸನ್ ಸಾರ್ವಜನಿಕ ಮಾಹಿತಿ ಸಮಿತಿಯೊಂದನ್ನು ಕಟ್ಟಿ ಜಾರ್ಜ್ ಕ್ರೀಲ್ ಎಂಬ ಪತ್ರಕರ್ತನ ಕೈಗೆ ಕೊಟ್ಟರು. ಪತ್ರಕರ್ತ ಸರ್ಕಾರದ ಪ್ರಚಾರಕ್ಕೆ ಇಳಿದರೆ ಎಷ್ಟು ದೂರ ಹೋಗಬಲ್ಲ ಎಂಬುದಕ್ಕೆ ಈತ ಪಾಠದಂತಿದ್ದಾನೆ. ನಮ್ಮ ಕಸುಬಿನವರು ಓದಿಕೊಳ್ಳಬೇಕು. ಸಿನಿಮಾ ಮಂದಿರಗಳಲ್ಲಿ ಒಂದು ರೀಲು ತೆಗೆದು ಇನ್ನೊಂದನ್ನು ಹಾಕಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಆ ನಾಲ್ಕು ನಿಮಿಷಕ್ಕೆ ಭಾಷಣಕಾರನೊಬ್ಬ ಎದ್ದು ನಿಂತು ದೇಶಭಕ್ತಿಯ ಮಾತಾಡುತ್ತಿದ್ದ. ಇಂಥ ‘ನಾಲ್ಕು ನಿಮಿಷದ’ ಸ್ವಯಂಸೇವಕರು ದೇಶದ ತುಂಬ ಸುಮಾರು 75,000 ಮಂದಿ. ಇನ್ನೊಂದು ಕಡೆ ಅಮೆರಿಕನ್ ಪ್ರೊಟೆಕ್ಟಿವ್ ಲೀಗ್ ಎಂಬ ಖಾಸಗಿ ಸಂಘ ನ್ಯಾಯ ಇಲಾಖೆಯ ಒಪ್ಪಿಗೆಯಿಂದಲೇ ಹುಟ್ಟಿಕೊಂಡು ಎರಡೂವರೆ ಲಕ್ಷ ಸದಸ್ಯರಾಗುವಷ್ಟು ಬೆಳೆಯಿತು. ಎದೆಗೊಂದು ಬ್ಯಾಡ್ಜು ಸಿಕ್ಕರೆ ಸಾಕು, ನೆರೆಯವನ ಮನೆಗೆ ಇಣುಕುವುದು ಕರ್ತವ್ಯವಾಗಿಬಿಡುತ್ತದೆ.

ಹೆಸರುಗಳ ಸರದಿ ಶುರುವಾಯಿತು. ಹುಳಿ ಬರಿಸಿದ ಎಲೆಕೋಸು, ಜರ್ಮನ್ನರ ಸಾವರ್‌ಕ್ರೌಟ್, ‘ಲಿಬರ್ಟಿ ಕ್ಯಾಬೇಜ್’ ಆಯಿತು. ಹ್ಯಾಂಬರ್ಗರ್ ‘ಲಿಬರ್ಟಿ ಸ್ಟೀಕ್’ ಆಯಿತು. ರುಬೆಲ್ಲಾಗೆ ಜರ್ಮನ್ ಮೀಸಲ್ಸ್ ಎಂಬ ಹೆಸರಿತ್ತು. ಅದನ್ನೂ ‘ಲಿಬರ್ಟಿ ಮೀಸಲ್ಸ್’ ಎಂದವರಿದ್ದರು. ಮೈಮೇಲೆ ಗುಳ್ಳೆ ಎದ್ದಾಗಲೂ ಸ್ವಾತಂತ್ರ್ಯದ ಸ್ಮರಣೆ! ಅಯೋವಾ ರಾಜ್ಯದ ಬರ್ಲಿನ್ ಎಂಬ ಊರು ಲಿಂಕನ್ ಆಯಿತು. ಸಿನ್ಸಿನಾಟಿಯ ಜರ್ಮನ್ ಸ್ಟ್ರೀಟ್ ಇಂಗ್ಲಿಷ್ ಸ್ಟ್ರೀಟ್ ಆಯಿತು, ಬ್ರೆಮೆನ್ ಸ್ಟ್ರೀಟ್ ರಿಪಬ್ಲಿಕ್ ಸ್ಟ್ರೀಟ್ ಆಯಿತು. ಜರ್ಮೇನಿಯಾ ಎಂಬ ವಿಮಾ ಕಂಪನಿ ಗಾರ್ಡಿಯನ್ ಆಯಿತು. ವೈಮಾನಿಕ ಯುದ್ಧದ ದೊಡ್ಡ ವೀರ ಎಡ್ಡಿ ರಿಕನ್‌ಬಾಕರ್ ಕೂಡ ತನ್ನ ಹೆಸರಿನ ಕಾಗುಣಿತದಲ್ಲಿ ಒಂದು ಅಕ್ಷರ ಬದಲಿಸಿ ಜರ್ಮನ್ ವಾಸನೆ ಕಳೆದುಕೊಂಡ. ಶತ್ರುವಿನ ವಿಮಾನಗಳನ್ನು ಹೊಡೆದುರುಳಿಸುತ್ತಿದ್ದವನಿಗೇ ಇದು ಬೇಕೆನಿಸಿದರೆ ಊರ ಬೇಕರಿಯವನ ಪಾಡೇನು?

ನನಗೆ ಹೆಸರಿಗಿಂತ ಹೆಚ್ಚು ಕಾಡುವುದು ಭಾಷೆಯ ಕಥೆ. 1918ರ ಮೇ 23ರಂದು ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿದರು. ಶಾಲೆಯಲ್ಲಿ ಇಂಗ್ಲಿಷ್ ಮಾತ್ರ. ರೈಲಿನಲ್ಲಿ, ಬೀದಿಯಲ್ಲಿ, ಟೆಲಿಫೋನಿನಲ್ಲಿ ಇಂಗ್ಲಿಷ್ ಮಾತ್ರ. ಸಭೆಯಲ್ಲಿ, ಚರ್ಚಿನಲ್ಲಿ ಇಂಗ್ಲಿಷ್ ಮಾತ್ರ. ಬಾರದವರು ಮನೆಯಲ್ಲೇ ಪ್ರಾರ್ಥನೆ ಮಾಡಿಕೊಳ್ಳಲಿ. ದೇವರು ಇಂಗ್ಲಿಷ್ ಪ್ರಾರ್ಥನೆಯನ್ನಷ್ಟೇ ಕೇಳಿಸಿಕೊಳ್ಳುತ್ತಾನೆ ಎಂಬ ಅರ್ಥದ ಮಾತನ್ನೂ ಗವರ್ನರ್ ಸಾಹೇಬರು ಆಡಿದ್ದಾಗಿ ವರದಿಯಾಯಿತು. ಗುರಿ ಜರ್ಮನ್ ಆದರೂ ಏಟು ಬಿದ್ದದ್ದು ಎಲ್ಲರಿಗೆ. ನಾರ್ವೆ, ಡೆನ್ಮಾರ್ಕ್, ಹಾಲೆಂಡ್‌ಗಳಿಂದ ಬಂದ ರೈತರು, ಝೆಕ್ಕರು, ಎಲ್ಲರೂ ರಾತ್ರಿ ಬೆಳಗಾಗುವುದರೊಳಗೆ ಮೂಕರಾದರು. ಸ್ಕಾಟ್ ಕೌಂಟಿಯಲ್ಲಿ ರೈತರ ಮನೆಯ ನಾಲ್ವರು ಹೆಂಗಸರು ಫೋನಿನಲ್ಲಿ ಜರ್ಮನ್ ಮಾತಾಡಿಕೊಂಡರು. ಆಗ ಒಂದೇ ಲೈನಿಗೆ ಹಲವು ಮನೆಗಳ ಸಂಪರ್ಕ ಇರುತ್ತಿತ್ತು. ಒಬ್ಬರ ಮಾತನ್ನು ಇನ್ನೊಬ್ಬರು ಕದ್ದು ಕೇಳುವುದು ಸುಲಭ. ನಾಲ್ವರಿಗೂ ಸೇರಿ 225 ಡಾಲರ್ ದಂಡ ಬಿತ್ತು, ಹಣ ರೆಡ್‌ಕ್ರಾಸ್‌ಗೆ ಹೋಯಿತು. ಘೋಷಣೆ ರದ್ದಾದದ್ದು ಯುದ್ಧ ಮುಗಿದ ಮೇಲೆ, ಡಿಸೆಂಬರಿನಲ್ಲಿ.

ಪಕ್ಕದ ನೆಬ್ರಾಸ್ಕ ಇನ್ನೂ ಹಟದ್ದು. ಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಎಂಟನೇ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷ್ ಅಲ್ಲದ ಆಧುನಿಕ ಭಾಷೆ ಕಲಿಸುವುದೇ ಅಪರಾಧ ಎಂದು ಕಾನೂನು ಮಾಡಿತು. ಹ್ಯಾಂಪ್ಟನ್ ಎಂಬಲ್ಲಿ ಲುಥೆರನ್ ಚರ್ಚಿನ ಒಂದು ಪುಟ್ಟ ಶಾಲೆ. ಮೇಷ್ಟ್ರು ರಾಬರ್ಟ್ ಮೇಯರ್. ಮಧ್ಯಾಹ್ನದ ಬಿಡುವನ್ನೇ ಅರ್ಧ ಗಂಟೆ ಹಿಗ್ಗಿಸಿ, ಶಾಲೆಯ ಲೆಕ್ಕಕ್ಕೆ ಬಾರದ ಆ ಹೊತ್ತಿನಲ್ಲಿ ಮಕ್ಕಳಿಗೆ ಬೈಬಲ್ ಕಥೆಗಳನ್ನು ಜರ್ಮನ್ನಿನಲ್ಲಿ ಓದಿಸುತ್ತಿದ್ದರು. ಮನೆಯಲ್ಲಿ ಜರ್ಮನ್ನಿನಲ್ಲಿ ಪ್ರಾರ್ಥನೆ ಮಾಡುವ ತಂದೆತಾಯಿಯ ಜೊತೆ ಮಕ್ಕಳೂ ದನಿಗೂಡಿಸಲಿ ಎಂಬುದು ಉದ್ದೇಶ. 1920ರ ಮೇ 25ರಂದು ಹತ್ತು ವರ್ಷದ ಆಸುಪಾಸಿನ ಹುಡುಗನೊಬ್ಬ ಓದುತ್ತಿದ್ದಾಗ ಕೌಂಟಿಯ ಸರ್ಕಾರಿ ವಕೀಲ ಬಂದು ನಿಂತ. ಮೇಷ್ಟ್ರಿಗೆ ಇಂಗ್ಲಿಷಿಗೆ ಹೊರಳಲು ಕ್ಷಣ ಸಾಕಿತ್ತು. ಹೊರಳಲಿಲ್ಲ. 25 ಡಾಲರ್ ದಂಡ ಬಿತ್ತು. ಮೇಯರ್ ದಂಡ ಕಟ್ಟಿ ಕೈ ತೊಳೆದುಕೊಳ್ಳದೆ ಸುಪ್ರೀಂ ಕೋರ್ಟಿನವರೆಗೆ ಹೋದರು. 1923ರ ಜೂನ್ 4ರಂದು ಏಳು ನ್ಯಾಯಮೂರ್ತಿಗಳು ಅವರ ಪರ, ಇಬ್ಬರು ವಿರುದ್ಧ. ಮಗುವಿಗೆ ಏನು ಕಲಿಸಬೇಕೆಂಬ ತಂದೆತಾಯಿಯ ಹಕ್ಕಿನಲ್ಲಿ ಸರ್ಕಾರ ಸುಮ್ಮನೆ ಕೈ ಹಾಕುವಂತಿಲ್ಲ ಎಂದಿತು ತೀರ್ಪು.

ಈ ತೀರ್ಪನ್ನು ಓದುವಾಗ ಕನ್ನಡಿಗನಿಗೆ ಒಂದು ವಿಚಿತ್ರ ಮುಜುಗರ ಆಗುತ್ತದೆ. 2014ರ ಮೇ 6ರಂದು ನಮ್ಮ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ಭಾಷಾ ಮಾಧ್ಯಮ ನೀತಿಯನ್ನು ತಳ್ಳಿಹಾಕಿದ್ದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಯೋಚಿಸಿ. ನೆಬ್ರಾಸ್ಕದಲ್ಲಿ ಸರ್ಕಾರ ಮಾತೃಭಾಷೆಯನ್ನು ತೆಗೆಯಹೊರಟಿತ್ತು, ನಮ್ಮಲ್ಲಿ ಅದನ್ನು ಉಳಿಸಹೊರಟಿತ್ತು. ಎರಡೂ ಕಡೆ ಕೋರ್ಟು ಹೇಳಿದ್ದು ತಂದೆತಾಯಿಯನ್ನು ಕೇಳಿ ಎಂದು. ಅಲ್ಲಿನ ತೀರ್ಪಿಗೆ ಚಪ್ಪಾಳೆ ತಟ್ಟುವ ನಾನು ಇಲ್ಲಿನದಕ್ಕೆ ಮುಖ ಸಪ್ಪೆ ಮಾಡಿಕೊಂಡವನು. ಇದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಮೇಯರ್ ಮೇಷ್ಟ್ರ ಗೆಲುವೂ ತಡವಾಗಿ ಬಂತು. 1915ರಲ್ಲಿ ಅಮೆರಿಕದ ಹೈಸ್ಕೂಲು ಮಕ್ಕಳಲ್ಲಿ ಶೇ 24ರಷ್ಟು ಜರ್ಮನ್ ಓದುತ್ತಿದ್ದರು. 1922ಕ್ಕೆ ಶೇ 1ಕ್ಕಿಂತ ಕಡಿಮೆ. ಕೋರ್ಟು ಬಾಗಿಲು ತೆರೆದಾಗ ಒಳಗೆ ಹೋಗುವವರೇ ಉಳಿದಿರಲಿಲ್ಲ.

ಈಗ ರಾಬರ್ಟ್ ಪ್ರೇಗರ್. ಜರ್ಮನಿಯ ಡ್ರೆಸ್ಡೆನ್ ಊರಿನವನು, ಮೂವತ್ತು ವರ್ಷ, ಕಸುಬಿನಿಂದ ಬೇಕರಿ ಕೆಲಸಗಾರ. ಯುದ್ಧಕಾಲದಲ್ಲಿ ಗಣಿಯಲ್ಲಿ ಕೂಲಿ ಚೆನ್ನಾಗಿದೆಯೆಂದು ಇಲಿನಾಯ್‌ನ ಕಾಲಿನ್ಸ್‌ವಿಲ್ ಕಡೆಗೆ ಬಂದ. ಅಮೆರಿಕದ ಪೌರತ್ವಕ್ಕೆ ಮೊದಲ ಅರ್ಜಿ ಹಾಕಿಕೊಂಡಿದ್ದ. ನೌಕಾಪಡೆ ಸೇರಲು ಹೋಗಿ ಕಣ್ಣಿನ ಕಾರಣಕ್ಕೆ ಬೇಡ ಅನ್ನಿಸಿಕೊಂಡು ಬಂದಿದ್ದ. ಕಲ್ಲಿದ್ದಲು ಗಣಿ ಕಾರ್ಮಿಕರ ಸಂಘಕ್ಕೆ ಅರ್ಜಿ ಹಾಕಿದಾಗ ಅವರು ಸೇರಿಸಿಕೊಳ್ಳಲಿಲ್ಲ. ಬಾಯಿ ಜೋರು, ಜಗಳಗಂಟ, ಮೇಲಾಗಿ ಜರ್ಮನ್. ಗಣಿ ಸ್ಫೋಟಿಸುವ ಹುನ್ನಾರ ನಡೆಸಿದ್ದಾನೆಂಬ ಸುದ್ದಿಯೂ ಹಬ್ಬಿತು. ಪ್ರೇಗರ್ ಸುಮ್ಮನಿರುವ ಜಾಯಮಾನದವನಲ್ಲ. ತನಗಾದ ಅನ್ಯಾಯವನ್ನು ಬರೆದು ಗಣಿಯ ಸುತ್ತಮುತ್ತ ಅಂಟಿಸಿದ.

1918ರ ಏಪ್ರಿಲ್ 4ರ ಸಂಜೆ ಗುಂಪೊಂದು ಅವನ ಮನೆಗೆ ನುಗ್ಗಿತು. ಬೂಟು ಬಿಚ್ಚಿಸಿ, ಮೈಗೆ ಬಾವುಟ ಸುತ್ತಿ, ಬರಿಗಾಲಲ್ಲಿ ಮೆರವಣಿಗೆ ಮಾಡಿಸಿತು. ಪೊಲೀಸರು ಹೇಗೋ ಬಿಡಿಸಿಕೊಂಡು ನಗರಸಭೆಯ ಕಟ್ಟಡಕ್ಕೆ ತಂದು ನೆಲಮಾಳಿಗೆಯಲ್ಲಿ ಅಡಗಿಸಿದರು. ಕೆಲವು ನೂರು ಜನರ ಗುಂಪು ಅಲ್ಲಿಗೂ ಬಂತು, ಹುಡುಕಿತು, ಹೊರಗೆಳೆಯಿತು, ಊರಾಚೆಗೆ ನಡೆಸಿಕೊಂಡು ಹೋಯಿತು. ಮರದ ಕೆಳಗೆ ನಿಲ್ಲಿಸಿದ ಮೇಲೆ ಅವನು ಕೇಳಿದ್ದು ಊರಲ್ಲಿದ್ದ ಅಪ್ಪ ಅಮ್ಮನಿಗೆ ಒಂದು ಕಾಗದ ಬರೆಯಲು ಅವಕಾಶ. ಕೊಟ್ಟರು. ಕೆಲವೇ ಸಾಲು: ಈ ದಿನ ನಾನು ಸಾಯಬೇಕಾಗಿದೆ, ನನಗಾಗಿ ಪ್ರಾರ್ಥಿಸಿ ಎಂಬ ಅರ್ಥದ್ದು. ಆಮೇಲೆ ತನ್ನನ್ನು ಹೂಳುವಾಗ ಅಮೆರಿಕದ ಬಾವುಟದಲ್ಲಿ ಸುತ್ತಿ ಎಂದು ಕೇಳಿಕೊಂಡ. ನಡುರಾತ್ರಿ ಕಳೆದ ಹೊತ್ತಿಗೆ ನೇಣಿಗೆ ಹಾಕಿದರು.

ಹನ್ನೊಂದು ಮಂದಿಯ ಮೇಲೆ ಮೊಕದ್ದಮೆ ನಡೆಯಿತು. ಆರೋಪಿಗಳು ಕೆಂಪು ಬಿಳಿ ನೀಲಿ ರಿಬ್ಬನ್ ಸಿಕ್ಕಿಸಿಕೊಂಡು ಕೂತಿದ್ದರು. ಕೋರ್ಟಿನ ಕಟ್ಟಡದಲ್ಲಿ ಬ್ಯಾಂಡು ದೇಶಭಕ್ತಿಯ ಹಾಡು ನುಡಿಸಿತು. ಜೂನ್ 1ರಂದು ಜ್ಯೂರಿ ಒಳಗೆ ಹೋಯಿತು. ಹನ್ನೊಂದೂ ಜನ ನಿರಪರಾಧಿಗಳು ಎಂದು ಹೊರಗೆ ಬಂದು ಹೇಳಲು ಅವರಿಗೆ ಒಂದು ಗಂಟೆಯೂ ಹಿಡಿಯಲಿಲ್ಲ.

ಗುಂಪಿನ ಕೆಲಸ ಇದಾದರೆ ಸರ್ಕಾರದ ಕೆಲಸ ರಿಜಿಸ್ಟರಿನಲ್ಲಿ ನಡೆಯಿತು. ಪೌರತ್ವ ಪಡೆಯದೆ ಉಳಿದ ಜರ್ಮನ್ನರೆಲ್ಲ ‘ಶತ್ರುದೇಶದ ಪ್ರಜೆಗಳು’ ಎಂದು ಅಂಚೆ ಕಚೇರಿ, ಪೊಲೀಸ್ ಠಾಣೆಗಳ ಮುಂದೆ ಸಾಲು ನಿಂತು ಫೋಟೋ ಕೊಟ್ಟು ಬೆರಳಚ್ಚು ಒತ್ತಬೇಕಾಯಿತು. ಸುಮಾರು 4.8 ಲಕ್ಷ ಜನ. ಈ ಕೆಲಸ ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಕಡತ ಜೋಡಿಸುತ್ತ ಕಸುಬು ಕಲಿತ ಇಪ್ಪತ್ತೆರಡರ ತರುಣನೊಬ್ಬನ ಹೆಸರು ಜೆ. ಎಡ್ಗರ್ ಹೂವರ್, ಮುಂದೆ ಎಫ್‌ಬಿಐ ಕಟ್ಟಿದವನು. 1907ರ ಕಾನೂನಿನ ಪ್ರಕಾರ ಪರದೇಶಿಯನ್ನು ಮದುವೆಯಾದ ಅಮೆರಿಕನ್ ಹೆಣ್ಣು ಗಂಡನ ದೇಶದವಳಾಗುತ್ತಿದ್ದಳು. ಹಾಗಾಗಿ ಜರ್ಮನಿಯನ್ನು ಕಣ್ಣಲ್ಲೂ ಕಾಣದ, ಒಹಾಯೊದಲ್ಲೋ ಇಲಿನಾಯ್‌ನಲ್ಲೋ ಹುಟ್ಟಿ ಬೆಳೆದ ಹೆಂಗಸರೂ 1918ರ ಜೂನ್‌ನಲ್ಲಿ ಸಾಲಿನಲ್ಲಿ ನಿಂತು, ತಮ್ಮದೇ ಊರಿನ ಠಾಣೆಯಲ್ಲಿ ಶತ್ರುಗಳೆಂದು ಬೆರಳಚ್ಚು ಕೊಟ್ಟರು.

ಬಾಸ್ಟನ್ ಸಿಂಫನಿಯ ನಿರ್ದೇಶಕ ಕಾರ್ಲ್ ಮುಕ್ ಜರ್ಮನಿಯಲ್ಲಿ ಹುಟ್ಟಿದವರು, ಆದರೆ ಕೈಯಲ್ಲಿದ್ದದ್ದು ಸ್ವಿಸ್ ಪಾಸ್‌ಪೋರ್ಟು. ಪ್ರಾವಿಡೆನ್ಸ್ ನಗರದ ಕಛೇರಿಯಲ್ಲಿ ‘ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್’ ನುಡಿಸಬೇಕೆಂಬ ಬೇಡಿಕೆಯನ್ನು ಆಡಳಿತದವರೇ ತಳ್ಳಿಹಾಕಿದ್ದರು, ಮುಕ್ ಅವರಿಗೆ ಹೇಳಿರಲೂ ಇಲ್ಲ. ಅಷ್ಟಕ್ಕೂ ಆ ಹಾಡು ರಾಷ್ಟ್ರಗೀತೆಯಾದದ್ದು 1931ರಲ್ಲಿ. ಬಯ್ಗುಳ ಮಾತ್ರ ಮುಕ್ ಪಾಲಿಗೆ. 1918ರ ಮಾರ್ಚ್‌ನಲ್ಲಿ ಹಿಡಿದು ಜಾರ್ಜಿಯಾದ ಫೋರ್ಟ್ ಓಗಲ್‌ಥೋರ್ಪ್ ಶಿಬಿರಕ್ಕೆ ಹಾಕಿದರು, ಮರುವರ್ಷ ಗಡಿಪಾರು ಮಾಡಿದರು.

ಸ್ವಿಸ್ ಹೆಸರಿನ ಕೆಳಗಿದ್ದರೂ ಜರ್ಮನ್ ಎಂಬ ಲೆಕ್ಕಕ್ಕೆ ಬೀಳುವ ಈ ಕಥೆ ಮಂಗಳೂರಿನವರಿಗೆ ಗೊತ್ತಿರುವುದೇ. ಬಾಸೆಲ್ ಮಿಷನ್ನಿನ ಕೇಂದ್ರ ಇದ್ದದ್ದು ಸ್ವಿಟ್ಜರ್ಲೆಂಡಿನಲ್ಲಿ. ನಮಗೆ ಮೊದಲ ಕನ್ನಡ ಪತ್ರಿಕೆ ಕೊಟ್ಟ ಮೋಗ್ಲಿಂಗ್, 1894ರಲ್ಲಿ ಮಹಾ ನಿಘಂಟು ಮುಗಿಸಿದ ಕಿಟೆಲ್ ಅದರ ಜರ್ಮನ್ ಪಾದ್ರಿಗಳು. ಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಮಿಷನ್ನಿನ ಜರ್ಮನ್ನರನ್ನು ಹಿಡಿದು ಅಹ್ಮದ್‌ನಗರದ ಶಿಬಿರಕ್ಕೆ ಕಳಿಸಿತು, ಆಮೇಲೆ ದೇಶದಿಂದಲೇ ಹೊರಗೆ ಹಾಕಿತು. ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕಿಟೆಲ್ 1903ರಲ್ಲೇ ತೀರಿಕೊಂಡಿದ್ದರು. ಇಲ್ಲವಾದರೆ ಆ ವಯೋವೃದ್ಧರೂ ಶತ್ರುವೇ.

ಎಲ್ಲಕ್ಕಿಂತ ನಿಷ್ಠುರವಾದದ್ದು ಹಟರೈಟ್ ಪಂಥದವರಿಗಾದದ್ದು. ದಕ್ಷಿಣ ಡಕೋಟದಲ್ಲಿ ಒಟ್ಟುಗೂಡಿ ಬೇಸಾಯ ಮಾಡಿಕೊಂಡು, ಮನೆಮಾತಾಗಿ ಜರ್ಮನ್ ಆಡುತ್ತ, ಆಯುಧ ಮುಟ್ಟುವುದಿಲ್ಲವೆಂದು ವ್ರತ ಹಿಡಿದವರು. ಜೋಸೆಫ್, ಮೈಕಲ್, ಡೇವಿಡ್ ಹೋಫರ್ ಎಂಬ ಮೂವರು ಅಣ್ಣತಮ್ಮಂದಿರು ಮತ್ತು ಜೇಕಬ್ ವಿಪ್ಫ್ ಸೈನ್ಯದ ಸಮವಸ್ತ್ರ ತೊಡಲು ಒಪ್ಪಲಿಲ್ಲ. ಇಪ್ಪತ್ತು ವರ್ಷ ಸಜೆಯಾಯಿತು. ಅಲ್ಕಟ್ರಾಝ್‌ನ ತೇವದ ಕತ್ತಲಕೋಣೆಯಲ್ಲಿಟ್ಟು, ನವೆಂಬರಿನಲ್ಲಿ ಕ್ಯಾನ್ಸಸ್‌ನ ಲೆವನ್‌ವರ್ತ್ ಜೈಲಿಗೆ ಸಾಗಿಸಿದರು. ನವೆಂಬರ್ 11ಕ್ಕೆ ಯುದ್ಧ ಮುಗಿದಿತ್ತು. 29ರಂದು ಜೋಸೆಫ್ ಸತ್ತ, ಡಿಸೆಂಬರ್ 2ರಂದು ಮೈಕಲ್. ಗಂಡನ ಮುಖ ನೋಡಲು ಬಂದ ಜೋಸೆಫನ ಹೆಂಡತಿಗೆ ಕಂಡದ್ದು ಜೀವ ಹೋದರೂ ತೊಡೆನೆಂದ ಅದೇ ಸಮವಸ್ತ್ರವನ್ನು ಹೆಣಕ್ಕೆ ತೊಡಿಸಿದ್ದು. ಹಟರೈಟರು ಹೆಚ್ಚಿನವರು ಊರು ಬಿಟ್ಟು ಕೆನಡಾಕ್ಕೆ ಹೋದರು.

ಎರಡನೇ ಮಹಾಯುದ್ಧದಲ್ಲಿ ಇಷ್ಟು ಅಬ್ಬರ ಕಾಣಲಿಲ್ಲ. ಹನ್ನೊಂದು ಸಾವಿರದಷ್ಟು ಜರ್ಮನ್ ಮೂಲದವರನ್ನು ಶಿಬಿರಗಳಲ್ಲಿ ಇಟ್ಟರು. ಲ್ಯಾಟಿನ್ ಅಮೆರಿಕದ ದೇಶಗಳಿಂದಲೂ ನಾಲ್ಕು ಸಾವಿರ ಜನರನ್ನು ಹಿಡಿದು ತಂದರು. ಆದರೆ ಆ ಸಲ ದೊಡ್ಡ ಪೆಟ್ಟು ತಿಂದವರು ಜಪಾನಿ ಮೂಲದವರು, ಸುಮಾರು 1.2 ಲಕ್ಷ ಜನ. ಅವರಿಗೆ 1988ರಲ್ಲಿ ಕ್ಷಮೆಯೂ ತಲಾ 20,000 ಡಾಲರ್ ಪರಿಹಾರವೂ ಸಿಕ್ಕಿತು, ಜರ್ಮನ್ನರಿಗೆ ಎರಡೂ ಇಲ್ಲ. ಅಮೆರಿಕ ಜರ್ಮನ್ನರ ಬಗ್ಗೆ ಉದಾರವಾಯಿತು ಎಂಬ ಮಾತನ್ನು ನಾನು ನಂಬುವುದಿಲ್ಲ. ಅಷ್ಟರಲ್ಲಿ ಹಿಡಿಯಲು ಕಾಣುವಂಥದ್ದು ಅವರಲ್ಲಿ ಉಳಿದಿರಲಿಲ್ಲ, ಅಷ್ಟೆ. ಪತ್ರಿಕೆಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು, ಶಾಲೆಗಳು ಇಂಗ್ಲಿಷಾಗಿದ್ದವು, ಮುಲ್ಲರುಗಳು ಮಿಲ್ಲರುಗಳಾಗಿದ್ದರು. ಹಿಟ್ಲರನ ಮೇಲೆ ಸೇನೆ ನಡೆಸಿದ ಐಸೆನ್‌ಹೋವರ್ ಅವರ ಮನೆತನ ಜರ್ಮನ್ ಎಂದು ಯಾರಿಗೂ ಅನ್ನಿಸಲೇ ಇಲ್ಲ. 2020ರ ಜನಗಣತಿಯಲ್ಲಿ ಸುಮಾರು 4.5 ಕೋಟಿ ಅಮೆರಿಕನ್ನರು ತಮ್ಮದು ಜರ್ಮನ್ ಮೂಲವೆಂದು ಬರೆಸಿದ್ದಾರೆ. ಆ ದೇಶದ ಬೀದಿಗಳಲ್ಲಿ ಇವರನ್ನು ಹುಡುಕಿ ನೋಡಿ, ಸಿಗುವುದು ಒಂದಿಷ್ಟು ಬಿಯರ್ ಹಬ್ಬ.

ಎರಡೂ ಯುದ್ಧಗಳಲ್ಲಿ ಜರ್ಮನ್ನರನ್ನು ಹಿಡಿದಿಡಲು ಬಳಸಿದ್ದು 1798ರ ‘ಏಲಿಯನ್ ಎನಿಮೀಸ್’ ಕಾಯ್ದೆ. ಅದು ಇವತ್ತಿಗೂ ಜಾರಿಯಲ್ಲಿದೆ. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ಹೊರತೆಗೆದು ವೆನಿಜುವೆಲಾದವರ ಮೇಲೆ ಪ್ರಯೋಗಿಸಿದರು. ಟ್ರಂಪ್ ಅವರ ಅಜ್ಜ ಫ್ರೆಡ್ರಿಕ್ ಜರ್ಮನಿಯ ಕಾಲ್‌ಸ್ಟಾಟ್ ಎಂಬ ಊರಿನಿಂದ ಬಂದವರು. ಪ್ರೇಗರ್ ಸತ್ತ ಮರುತಿಂಗಳು ನ್ಯೂಯಾರ್ಕಿನಲ್ಲಿ ಜ್ವರದಿಂದ ತೀರಿಕೊಂಡರು. ಅವರ ಮಗ ಫ್ರೆಡ್ ಬಹಳ ವರ್ಷ ತಮ್ಮದು ಸ್ವೀಡನ್ ಮೂಲ ಎಂದೇ ಹೇಳಿಕೊಂಡು ಬಂದರು. ಮೊಮ್ಮಗ 1987ರಲ್ಲಿ ತಂದ ಪುಸ್ತಕದಲ್ಲೂ ಅಜ್ಜ ಬಂದದ್ದು ಸ್ವೀಡನ್‌ನಿಂದ.